ಕಪಾಟಿನ ಚಿತ್ರವಿದ್ದ ಬಾಗಿಲು

ರಾಟರ್‌ಡ್ಯಾಮ್‌ಗೆ ಬಂದ ಮೇಲೆ ನನ್ನನ್ನು ಡಾಕ್ಟರ್ ಎಂದು ಕರೆದವರು ಒಬ್ಬರೇ. ಅವರನ್ನು ಬೀಗದ ಬಾಗಿಲಿನ ಹಿಂದೆ ಕಳಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳುತ್ತ ಹೋದರೆ ಎಲ್ಲೋ ಒಂದು ಕಡೆ ನನ್ನನ್ನು ನಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡುಬಿಡುತ್ತೇನೆ, ನನಗೆ ಆ ಚಾಳಿ ಇದೆ.

ಮಂಗಳೂರಿನಲ್ಲಿ ಹತ್ತು ವರ್ಷ ಮನೋವೈದ್ಯಳಾಗಿದ್ದೆ. ಗಂಡನಿಗೆ ಇಲ್ಲಿನ ಬಂದರಿನ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು, ಹಿಂದೆಯೇ ಮಗಳನ್ನು ಕರೆದುಕೊಂಡು ನಾನು ಬಂದೆ. ಇಲ್ಲಿ ಡಚ್ ಭಾಷೆಯ ಪರೀಕ್ಷೆ ಪಾಸಾಗಬೇಕು, ಆಮೇಲೆ ವೈದ್ಯಕೀಯದ ಪರೀಕ್ಷೆ, ಆಮೇಲೆ ನೋಂದಣಿ. ಅಲ್ಲಿಯವರೆಗೆ ನನ್ನ ಪದವಿ ಸೂಟ್‌ಕೇಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿರಬೇಕು. ಭಾಷೆಯ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂತು ತಲೆ ಕೆಡಿಸಿಕೊಳ್ಳುವುದಕ್ಕಿಂತ ಭಾಷೆಯಾದರೂ ಬರಲಿ ಎಂದು ಟ್ರ್ಯಾಮ್‌ನಲ್ಲಿ ಇಪ್ಪತ್ತು ನಿಮಿಷ ದೂರದ ವೃದ್ಧಾಶ್ರಮವೊಂದಕ್ಕೆ ಸೇರಿದೆ. ಕೆಲಸ ಕಾಫಿ ಕೊಡುವುದು, ಹಾಸಿಗೆ ಸರಿಮಾಡುವುದು, ಅಜ್ಜ ಅಜ್ಜಿಯರ ಕೋಟಿನ ಗುಂಡಿ ಹಾಕುವುದು. ಯಾರಿಗೆ ಮರೆವು, ಯಾರಿಗೆ ಖಿನ್ನತೆ, ಯಾರಿಗೆ ಮಾತ್ರೆ ಹೆಚ್ಚಾಗಿದೆ ಎಂದು ನನಗೆ ಟ್ರಾಲಿ ತಳ್ಳುವಾಗಲೇ ಗೊತ್ತಾಗುತ್ತಿತ್ತು. ಹೇಳುವಂತಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಸಕ್ಕರೆ ಬೇಕಾ, ಹಾಲು ಬೇಕಾ ಎಂದು ಕೇಳುತ್ತಿದ್ದೆ. ಮಗಳು ಮನೆಯಲ್ಲಿ ಆ ಎರಡು ವಾಕ್ಯಗಳ ಉಚ್ಚಾರಣೆಯನ್ನೂ ತಿದ್ದುತ್ತಿದ್ದಳು.

ಮೂರನೇ ಮಹಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಪೋರ್ಚುಗೀಸ್ ಮುದುಕರಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಅವರನ್ನು ಲಿಸ್ಬನ್‌ನಿಂದ ಕರೆತಂದಿದ್ದಳು. ಆಮೇಲೆ ಅವಳಿಗೆ ಮಾಸ್ಟ್ರಿಕ್ಟ್‌ನ ವಿಶ್ವವಿದ್ಯಾಲಯದಲ್ಲಿ ಕೆಲಸವಾಯಿತು, ಮುದುಕರು ಇಲ್ಲೇ ಉಳಿದರು. ಕೈ ನಡುಗುತ್ತಿತ್ತು, ಅರ್ಧ ಕಪ್ ಕಾಫಿ ತಟ್ಟೆಗೇ ಹೋಗುತ್ತಿತ್ತು. ನನ್ನ ಜೊತೆ ಇಂಗ್ಲಿಷಿನಲ್ಲಿ ಎರಡು ಮಾತಾಡುತ್ತಿದ್ದರು, ಅಷ್ಟೆ. ಆದರೆ ಬೆಳಿಗ್ಗೆ ತಿಂಡಿಯಾದ ಮೇಲೆ ಬಾಗಿಲು ಹಾಕಿಕೊಂಡರೆಂದರೆ ಒಳಗೆ ಮಾತು ಶುರು. ಒಮ್ಮೆ ಹೆಂಗಸಿನ ಸಣ್ಣ ದನಿ, ಒಮ್ಮೆ ಸಿಡುಕಿನ ಗಂಡಸಿನ ದನಿ, ನಡುವೆ ಯಾರೋ ಅಳುವುದು, ಯಾರೋ ಬಯ್ಯುವುದು. ಎಲ್ಲ ದನಿಯೂ ಅವರ ಬಾಯಿಂದಲೇ, ಎಲ್ಲಕ್ಕೂ ಅವರದೇ ಉತ್ತರ. ಪಕ್ಕದ ಕೋಣೆಯ ಅಜ್ಜಿ ಹೆದರಿ ದೂರು ಕೊಟ್ಟಳು.

ಅದೇ ವಾರ ನಮ್ಮ ಮಹಡಿಯ ಮುಖ್ಯಸ್ಥೆಗೆ ನಾನು ಮೊದಲು ಏನಾಗಿದ್ದೆ ಎಂದು ಹೇಗೋ ತಿಳಿದಿತ್ತು. ಕಾಫಿ ಟ್ರಾಲಿಯ ಪಕ್ಕ ನಿಲ್ಲಿಸಿ, ದನಿ ತಗ್ಗಿಸಿ, ಆ ಮುದುಕರ ಬಗ್ಗೆ ನನಗೇನನ್ನಿಸುತ್ತದೆ ಎಂದು ಕೇಳಿದಳು. ಇಲ್ಲಿಗೆ ಬಂದ ಎರಡು ವರ್ಷದಲ್ಲಿ ಯಾರೂ ನನಗೇನನ್ನಿಸುತ್ತದೆ ಎಂದು ಕೇಳಿರಲಿಲ್ಲ. ನನ್ನ ಬೆನ್ನು ನೆಟ್ಟಗಾಯಿತು. ಒಡೆದ ಡಚ್ಚಿನಲ್ಲೇ ಸ್ಪಷ್ಟವಾಗಿ ಹೇಳಿದೆ: ಅವರಿಗೆ ದನಿಗಳು ಕೇಳಿಸುತ್ತಿವೆ, ಒಂದಲ್ಲ ಹಲವು, ಅವುಗಳ ಜೊತೆ ಮಾತಾಡುತ್ತಿದ್ದಾರೆ, ಈ ವಯಸ್ಸಿನಲ್ಲಿ ಇದು ಒಳ್ಳೆಯ ಲಕ್ಷಣವಲ್ಲ. ಆ ದಿನ ಟ್ರ್ಯಾಮ್‌ನಲ್ಲಿ ಸೀಟಿದ್ದರೂ ಕೂರಲಿಲ್ಲ, ಅಷ್ಟು ಹುರುಪು.

ಓದುವಾಗ ನಮ್ಮ ಪ್ರೊಫೆಸರೊಬ್ಬರು ಒಂದು ಪದ್ಧತಿ ಇಟ್ಟಿದ್ದರು. ಕೇಸ್‌ಶೀಟಿನ ಮೊದಲ ಸಾಲು ರೋಗಿಯ ಮಾತಿನಲ್ಲೇ ಇರಬೇಕು, ಅವರು ಹೇಳಿದ ಹಾಗೆಯೇ, ಕನ್ನಡವೋ ತುಳುವೋ ಬ್ಯಾರಿಯೋ. 'ಎದೆಯೊಳಗೆ ಗಿರಣಿ ತಿರುಗಿದ ಹಾಗೆ ಆಗ್ತದೆ' ಎಂದರೆ ಹಾಗೇ ಬರೆಯಬೇಕು. ನಿಮ್ಮ ದೊಡ್ಡ ಇಂಗ್ಲಿಷ್ ಪದಗಳು ಎರಡನೇ ಸಾಲಿನಿಂದ ಎನ್ನುತ್ತಿದ್ದರು. ಹತ್ತು ವರ್ಷ ಅದನ್ನು ತಪ್ಪದೆ ಪಾಲಿಸಿದವಳು ಈ ಮುದುಕರ ವಿಷಯದಲ್ಲಿ ಮೊದಲ ಸಾಲನ್ನೇ ಬಿಟ್ಟಿದ್ದೆ. ಬಾಗಿಲಾಚೆ ನಿಂತು ಕೇಳಿ, ರೋಗದ ಹೆಸರಿಗೇ ಹೋಗಿದ್ದೆ.

ಆಶ್ರಮದ ವೈದ್ಯರು ಬಂದು ನೋಡಿದರು. ದನಿಗಳು ಕೇಳಿಸುತ್ತವೆಯೇ ಎಂದು ಕೇಳಿದ್ದಕ್ಕೆ ಮುದುಕರು ಹೌದು ಎಂದರಂತೆ. ಮಾಸ್ಟ್ರಿಕ್ಟ್‌ನಿಂದ ಮಗಳು ಫೋನಿನಲ್ಲೇ ಒಪ್ಪಿದಳು. ದನಿಗಳನ್ನು ಅಡಗಿಸುವ ಸಣ್ಣ ಮಾತ್ರೆ ದಿನಕ್ಕೆ ಎರಡು ಶುರುವಾಯಿತು, ಮತ್ತು ಅವರನ್ನು ಮರೆವಿನವರಿಗೆಂದು ಬೀಗ ಹಾಕಿಟ್ಟ ಕೆಳಗಿನ ವಿಭಾಗಕ್ಕೆ ಸೇರಿಸಿದರು. ಅವರು ಒಂದು ಮಾತೂ ಎದುರಾಡಲಿಲ್ಲ.

ಆ ವಿಭಾಗದ ಬಾಗಿಲಿಗೆ ಒಳಗಡೆಯಿಂದ ದೊಡ್ಡ ಚಿತ್ರವೊಂದನ್ನು ಅಂಟಿಸಿದ್ದಾರೆ: ನೆಲದಿಂದ ಚಾವಣಿಯವರೆಗೆ ಪುಸ್ತಕದ ಕಪಾಟು. ಮರೆವಿನವರಿಗೆ ಅದು ಬಾಗಿಲೆಂದು ಗೊತ್ತಾಗಬಾರದು, ಹೊರಗೆ ಹೋಗಬೇಕೆಂಬ ಚಡಪಡಿಕೆ ಹುಟ್ಟಬಾರದು ಎಂದು ಈ ಉಪಾಯ. ಕಪಾಟಿನ ಮಗ್ಗುಲಲ್ಲಿ ಅಂಕಿಗಳ ಗುಂಡಿ. ನಾನು ನಾಲ್ಕು ಅಂಕಿ ಒತ್ತಿ ಟ್ರಾಲಿ ತಳ್ಳಿಕೊಂಡು ಒಳಗೆ ಹೋದ ಮೊದಲ ದಿನ ಅವರು ಆ ಬಾಗಿಲಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅರ್ಧ ಗಂಟೆಯಿಂದ ಹುಡುಕುತ್ತಿದ್ದೇನೆ, ಒಂದು ಪುಸ್ತಕಕ್ಕೂ ಹೆಸರಿಲ್ಲ ಎಂದರು.

ಎರಡನೇ ದಿನ ಕೋಣೆಯ ಬಾಗಿಲು ತೆರೆದೇ ಇತ್ತು, ಇಲ್ಲಿ ಮುಚ್ಚಲು ಬಿಡುವುದಿಲ್ಲ. ಅವರು ಕಿಟಕಿಯ ಕಡೆ ಮುಖ ಮಾಡಿ ಮಾತಾಡುತ್ತಿದ್ದರು. ಹೆಂಗಸಿನ ದನಿಯಲ್ಲಿ ಒಂದು ವಾಕ್ಯ ಹೇಳಿದರು. ನಿಲ್ಲಿಸಿದರು. ಅದೇ ವಾಕ್ಯವನ್ನು ಒಂದು ಪದ ಬದಲಿಸಿ ಮತ್ತೆ ಹೇಳಿದರು. ತಲೆ ಅಲ್ಲಾಡಿಸಿದರು. ಮೂರನೇ ಸಲ ಇನ್ನೊಂದು ಪದ ಹಾಕಿ ಹೇಳಿ, ಸರಿಹೋಯಿತು ಎನ್ನುವಂತೆ ತೊಡೆ ತಟ್ಟಿಕೊಂಡರು. ನನಗೆ ಪೋರ್ಚುಗೀಸಿನ ಒಂದಕ್ಷರ ಬಾರದು. ಆದರೂ ಟ್ರಾಲಿ ಅಲ್ಲೇ ನಿಲ್ಲಿಸಿದೆ. ಇವರಿಗೆ ಕೇಳಿಸುವ ದನಿಗಳನ್ನು ಇವರೇ ಕೂತು ತಿದ್ದುತ್ತಿದ್ದಾರಲ್ಲ. ಅಂಥ ರೋಗಿಯನ್ನು ನಾನು ಎಂದೂ ನೋಡಿರಲಿಲ್ಲ.

ನನಗೆ ಇದು ಗೊತ್ತಾಗಬೇಕಿತ್ತು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಯಕ್ಷಗಾನದ್ದೇ ಕಥೆ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಪಾತ್ರದ ಮಾತಾಡುವುದು. ಕೂಟ ಇದ್ದ ದಿನ ಬೆಳಿಗ್ಗೆಯಿಂದ ಅಂಗಳದಲ್ಲಿ ಶತಪಥ ಹಾಕುತ್ತ ತಮ್ಮ ಮಾತನ್ನೂ ಎದುರಾಳಿಯ ಮಾತನ್ನೂ ತಾವೇ ಆಡುತ್ತಿದ್ದರು. ಒಮ್ಮೆ ರಾಜ, ಒಮ್ಮೆ ದೂತ. ಅಮ್ಮ ಅವರನ್ನು ಬಳಸಿಕೊಂಡು ಹೋಗಿ ಬಟ್ಟೆ ಒಣಹಾಕುತ್ತಿದ್ದಳು. ಯಾರೂ ಡಾಕ್ಟರನ್ನು ಕರೆಯಲಿಲ್ಲ. ಅಂಥ ಅಂಗಳದಲ್ಲಿ ಬೆಳೆದವಳಿಗೇ ಡಾಕ್ಟರಾದ ಮೇಲೆ ಕಿವಿ ಕೆಟ್ಟಿತ್ತು.

ಕಾಫಿ ಇಟ್ಟು, ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. ತಿಂಗಳ ಹಿಂದೆಯೇ ಕೇಳಬೇಕಿದ್ದ ಪ್ರಶ್ನೆ. ಅವರು ಹೇಳಿದರು, ಕಾದಂಬರಿ ಬರೆಯುತ್ತಿದ್ದೇನೆ. ಕೈ ಪೆನ್ನು ಹಿಡಿಯುವುದಿಲ್ಲ, ಅದಕ್ಕೆ ಬಾಯಲ್ಲಿ ಬರೆದು ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ. ಮಗಳಿಗೆ ಹೇಳಿ ಬರೆಸಬಹುದಿತ್ತಲ್ಲ ಎಂದರೆ ನಕ್ಕರು. ಅರ್ಧ ಪುಸ್ತಕ ಅವಳ ಬಗ್ಗೆಯೇ ಇದೆಯಂತೆ.

ಆಮೇಲಿನ ಬೆಳಿಗ್ಗೆಗಳಲ್ಲಿ ಕಾಫಿಯ ನೆಪದಲ್ಲಿ ಅವರ ಬದುಕು ತುಣುಕು ತುಣುಕಾಗಿ ನನಗೆ ಸಿಕ್ಕಿತು. ಅವರೂ ಮನೋವೈದ್ಯರು. ಎಳೆ ವಯಸ್ಸಿನಲ್ಲಿ ಸೈನ್ಯದ ಡಾಕ್ಟರಾಗಿ ಪೋರ್ಚುಗಲ್ ಆಫ್ರಿಕಾದಲ್ಲಿ ನಡೆಸಿದ ವಸಾಹತು ಯುದ್ಧಕ್ಕೆ ಹೋಗಬೇಕಾಗಿ ಬಂದು, ಅಲ್ಲಿಂದ ಯಾರ ಜೊತೆಯೂ ಊಟಕ್ಕೆ ಕೂರಲಾಗದವರಾಗಿ ಹಿಂತಿರುಗಿದರು. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಬೆಳಿಗ್ಗೆ ಎಲ್ಲರಿಗೂ ಒಂದೇ ಪ್ರಶ್ನೆಗಳು: ಇವತ್ತು ಯಾವ ವಾರ, ಇದು ಯಾವ ಊರು, ನೂರರಲ್ಲಿ ಏಳು ಕಳೆಯಿರಿ. ಮಧ್ಯಾಹ್ನ ಅದೇ ಮೇಜಿನಲ್ಲಿ, ಬಳಸಿದ ಕೇಸ್‌ಶೀಟುಗಳ ಬೆನ್ನಿಗೆ ಕಾದಂಬರಿ. ಒಂದು ಮಾತ್ರ ಇಂಗ್ಲಿಷಿಗೆ ಬಂದಿತ್ತು, ಗ್ರಂಥಾಲಯದಿಂದ ತರಿಸಿ ಓದಿದೆ. ಅದರಲ್ಲಿ ಒಬ್ಬ ಡಾಕ್ಟರು ಮನೆಗೆ ಬಂದು ಹೆಂಡತಿಯನ್ನೂ, ಕ್ಷೌರ ಮಾಡುವವನನ್ನೂ, ಸಾಯುತ್ತಿರುವ ತಾಯಿಯನ್ನೂ ಅವೇ ಪ್ರಶ್ನೆ ಕೇಳುತ್ತಾನೆ. ಬೇರೆ ಮಾತು ಅವನಿಗೆ ಮರೆತುಹೋಗಿದೆ. ಓದಿ ಮುಗಿಸಿ ಎರಡು ದಿನ ನಾನು ಮನೆಯಲ್ಲಿ ಯಾರನ್ನೂ ಏನೂ ಕೇಳಲಿಲ್ಲ.

ಇಲ್ಲಿಗೆ ಸೇರಿಸುವಾಗ ಯಾಕೆ ಎದುರಾಡಲಿಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನೆನಪಿದೆ.

"ಎದುರಾಡಿದವರ ಬಗ್ಗೆ ನಾನೇ ಏನು ಬರೆಯುತ್ತಿದ್ದೆ ಎಂದು ನನಗೆ ಗೊತ್ತಲ್ಲ. ರೋಗಿ ಉದ್ರೇಕಗೊಂಡಿದ್ದಾನೆ, ಮಾತ್ರೆ ಹೆಚ್ಚಿಸಿ. ಸುಮ್ಮನಿದ್ದರೆ ಬಿಟ್ಟಾರು ಎಂದುಕೊಂಡೆ. ಈಗ ನಾನು ಸುಮ್ಮನಿರುವುದನ್ನು ನೋಡಿ, ಇಲ್ಲಿ ಹೊಂದಿಕೊಂಡಿದ್ದಾನೆ ಎಂದು ಬರೆಯುತ್ತಿದ್ದಾರೆ."

ಹಾಗಾದರೆ ದನಿ ಕೇಳಿಸುತ್ತದೆ ಎಂದು ಯಾಕೆ ಒಪ್ಪಿಕೊಂಡಿರಿ ಎಂದೆ. ಕೇಳಿಸುತ್ತವೆ, ಅದಕ್ಕೆ ಎಂದರು. ಅವು ಇಲ್ಲವೆಂದು ಸುಳ್ಳು ಹೇಳಿದರೆ ಅವು ಬಿಟ್ಟು ಹೋಗುತ್ತವೆ ಎಂಬ ಅಂಜಿಕೆ ಅವರಿಗೆ.

ಆಮೇಲೆ, ನಾನು ಏನೂ ಹೇಳಿಕೊಳ್ಳದಿದ್ದರೂ, ನೀವು ಡಾಕ್ಟರಲ್ಲವೇ ಎಂದರು. ಕಾಫಿ ಕೊಡುವವರು ಹೀಗೆ ಪ್ರಶ್ನೆ ಕೇಳುವುದಿಲ್ಲವಂತೆ. ಆ ಕ್ಷಣ ಹೇಳಬೇಕಿತ್ತು, ನಿಮ್ಮನ್ನು ಇಲ್ಲಿಗೆ ಕಳಿಸಿದ ಮಾತು ನನ್ನದೇ ಎಂದು. ಹೇಳಲಿಲ್ಲ. ಸಕ್ಕರೆ ಕಲಕಿದೆ.

ಮುಖ್ಯಸ್ಥೆಗಾದರೂ ಹೇಳಬಹುದಿತ್ತು. ನನ್ನ ಭಾಷೆಯ ಪರೀಕ್ಷೆಗೆ ಆಗ ಮೂರು ವಾರ ಉಳಿದಿತ್ತು. ನೋಂದಣಿ ಇಲ್ಲದೆ ರೋಗನಿರ್ಣಯ ಹೇಳಿದ್ದೇನೆಂದು ಕಾಗದದ ಮೇಲೆ ಬಂದರೆ, ಮುಂದೆ ಅರ್ಜಿಯನ್ನೇ ತಿರಸ್ಕರಿಸಿಯಾರು ಎಂಬ ಭಯ ನನಗಿತ್ತು. ಗಂಡನಿಗೆ ಹೇಳಿದೆ. ಅವನು ಪಾತ್ರೆ ತೊಳೆಯುತ್ತಿದ್ದವನು ತಿರುಗಿ ಕೂಡ ನೋಡಲಿಲ್ಲ.

"ಈಗ ಎಂತ ಹೇಳ್ಲಿಕ್ಕೆ ಹೋಗ್ತೀಯ ಮಾರಾಯ್ತಿ? ಎಕ್ಸಾಮ್ ಒಂದು ಆಗ್ಲಿ. ಆ ಅಜ್ಜ ಎಲ್ಲಿಗೂ ಓಡಿ ಹೋಗುದಿಲ್ಲ."

ಓಡಿ ಹೋಗುವಂತಿಲ್ಲ, ನಿಜ. ನನಗೆ ಬೇಕಾಗಿದ್ದ ಮಾತನ್ನೇ ಅವನು ಆಡಿದ್ದ, ಹಾಗಾಗಿ ಸಿಟ್ಟೂ ಬಂತು, ಸಮಾಧಾನವೂ ಆಯಿತು. ತಪ್ಪಿಗೆ ತೇಪೆ ಹಚ್ಚಲು ಮರುದಿನ ಮೊಬೈಲ್ ತೆಗೆದುಕೊಂಡು ಹೋಗಿ, ನೀವು ಹೇಳಿ, ನಾನು ರೆಕಾರ್ಡ್ ಮಾಡುತ್ತೇನೆ ಎಂದೆ. ಮೊದಲ ದಿನ ನಲವತ್ತು ನಿಮಿಷ ತಡೆಯಿಲ್ಲದೆ ಹೇಳಿದರು. ನನಗೆ ಏನೂ ಅರ್ಥವಾಗಲಿಲ್ಲ, ಆದರೂ ಐದು ಜನರ ದನಿಯನ್ನು ಬೇರೆ ಬೇರೆ ಗುರುತಿಸಬಲ್ಲವಳಾದೆ. ಮೂರನೇ ದಿನಕ್ಕೆ ನಾಲ್ವರು. ಮುದುಕಿಯೊಬ್ಬಳು ಬಂದಿಲ್ಲ ಎಂದರು. ಮರುವಾರ ನಡುವೆ ನಿಂತು, ಹಿಂದಿನ ಸಾಲಿಗೆ ಹೋಗಿ, ಮತ್ತೆ ನಿಂತರು. ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ಅದು ಒಳ್ಳೆಯ ಮಾತ್ರೆ, ನಾನೇ ಎಷ್ಟೋ ಜನರಿಗೆ ಬರೆದುಕೊಟ್ಟಿದ್ದೇನೆ. ಅವರಿಗೂ ಅದರ ಗುಣ ಗೊತ್ತಿತ್ತು. ನಾಲಿಗೆಯಡಿ ಅಡಗಿಸಿಕೊಳ್ಳುವುದೂ ಗೊತ್ತಿತ್ತು, ಆದರೆ ಕೈ ನಡುಕದಲ್ಲಿ ಉಗುಳಿದ್ದು ನೆಲಕ್ಕೆ ಬಿದ್ದು ಸಿಕ್ಕಿಬಿದ್ದರು. ಆಮೇಲೆ ನರ್ಸುಗಳು ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸತೊಡಗಿದರು.

ಆ ಮೂರು ವಾರ ನಾನು ದಿನಾ ಆ ನಾಲ್ಕು ಅಂಕಿ ಒತ್ತಿ ಒಳಗೆ ಹೋದೆ, ಒತ್ತಿ ಹೊರಗೆ ಬಂದೆ. ನಾನು ಹೋಗುವಾಗ ಅವರು ಕಪಾಟಿನ ಕಡೆ ನೋಡುತ್ತ ಕೂತಿರುತ್ತಿದ್ದರು. ಮನೆಗೆ ಬಂದು ಡಚ್ ಕ್ರಿಯಾಪದಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕಾಯುವುದು ಎಂಬ ಕ್ರಿಯಾಪದ ನನಗೆ ಎಲ್ಲ ಕಾಲಗಳಲ್ಲೂ ಸರಿಯಾಗಿ ಬರುತ್ತಿತ್ತು. ಆ ಮೂರು ವಾರವನ್ನು ನಾನು ಹೇಡಿತನ ಎಂದೇ ಕರೆಯುತ್ತೇನೆ.

ಪರೀಕ್ಷೆಯಾದ ಮರುದಿನ ಬೆಳಿಗ್ಗೆ ಮುಖ್ಯಸ್ಥೆಯ ಕೋಣೆಗೆ ಹೋದೆ. ಆಶ್ರಮದ ವೈದ್ಯರನ್ನೂ ಕರೆಸಿದಳು. ನಾನು ಕಲಿತ ಡಚ್ಚನ್ನೆಲ್ಲ ಒಟ್ಟು ಮಾಡಿ ಹೇಳಿದೆ: ನಾನು ಅವರನ್ನು ಪರೀಕ್ಷಿಸಿರಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ, ಡಾಕ್ಟರ್ ಅನ್ನಿಸಿಕೊಳ್ಳುವ ಆಸೆಗೆ ಬಾಯಿಗೆ ಬಂದದ್ದು ಹೇಳಿದೆ, ಅವರು ಕಾದಂಬರಿಕಾರರು, ಅದು ಅವರ ಕೆಲಸ. ಮೊಬೈಲಿನಲ್ಲಿದ್ದ ಮೊದಲ ದಿನದ ನಲವತ್ತು ನಿಮಿಷದಲ್ಲಿ ಸ್ವಲ್ಪ ಕೇಳಿಸಿದೆ. ನಾನು ಹೆದರಿದಂತೆ ಏನೂ ಆಗಲಿಲ್ಲ. ವೈದ್ಯರು ನನ್ನನ್ನು ಬಯ್ಯಲೂ ಇಲ್ಲ. ಹೇಳಿದ್ದು ಒಳ್ಳೆಯದಾಯಿತು ಎಂದು ಮಾತ್ರೆ ನಿಲ್ಲಿಸಿದರು, ಎರಡು ವಾರ ನೋಡಿ ಮೂರನೇ ಮಹಡಿಗೆ ಕಳಿಸೋಣ ಎಂದರು. ಇಷ್ಟಕ್ಕೆ ನಾನು ಮೂರು ವಾರ ಕಾದಿದ್ದೆ.

ಅವರು ಹಳೆಯ ಕೋಣೆಗೆ ಬಂದರು. ಬೆಳಿಗ್ಗೆ ಬಾಗಿಲು ಹಾಕಿಕೊಂಡರು. ನಾನು ಟ್ರಾಲಿಯೊಂದಿಗೆ ಹೊರಗೆ ನಿಂತು ಕಾದೆ, ಪಕ್ಕದ ಕೋಣೆಯ ಅಜ್ಜಿ ಕೂಡ ಇಣುಕಿ ಕಿವಿಗೊಟ್ಟಳು. ಒಳಗೆ ಸದ್ದಿರಲಿಲ್ಲ. ಮರುದಿನವೂ ಇಲ್ಲ. ಔಷಧ ದೇಹದಿಂದ ಪೂರ್ತಿ ಇಳಿಯಬೇಕು ಎಂದು ನನಗೆ ನಾನೇ ಡಾಕ್ಟರಾಗಿ ಹೇಳಿಕೊಂಡೆ. ಮೂರು ವಾರ, ನಾಲ್ಕು ವಾರ ಕಳೆಯಿತು. ನನ್ನ ಪರೀಕ್ಷೆಯ ಫಲಿತಾಂಶ ಬಂತು, ಪಾಸಾಗಿದ್ದೆ. ಅದನ್ನು ಅವರಿಗೆ ಹೇಳಲು ಹೋದ ದಿನವೇ ಕೂತು ಎಲ್ಲವನ್ನೂ ಹೇಳಿದೆ, ಮೊದಲ ಮಾತು ನನ್ನದು, ಆಮೇಲಿನ ಮೌನವೂ ನನ್ನದು ಎಂದು. ಅವರು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಮೊಬೈಲಿನ ರೆಕಾರ್ಡಿಂಗ್ ಹಾಕಿದೆ. ಸ್ವಲ್ಪ ಹೊತ್ತು ಗಮನವಿಟ್ಟು ಕೇಳಿ, ಚೆನ್ನಾಗಿದೆ, ಆದರೆ ಇವರು ಮುಂದೆ ಎಲ್ಲಿಗೆ ಹೋಗುತ್ತಿದ್ದರೆಂದು ನನಗೆ ತಿಳಿಯದು ಎಂದರು.

ಮಂಗಳೂರಿನಲ್ಲಿ ರೋಗಿಗಳು ಬಂದು, ಈಗ ಯಾವ ದನಿಯೂ ಕೇಳುವುದಿಲ್ಲ ಎಂದಾಗ ನಾನು ಖುಷಿಯಿಂದ ಕೇಸ್‌ಶೀಟಿನಲ್ಲಿ ಒಂದೇ ಒಂದು ಪದ ಬರೆದು ಸಹಿ ಹಾಕುತ್ತಿದ್ದೆ. ಲಿಸ್ಬನ್‌ನಲ್ಲೂ ಅದೇ ಪದ್ಧತಿ ಇರಬೇಕು. ನಾನು ಖಾಲಿ ಕಪ್ ಎತ್ತಿಕೊಂಡು ಬಾಗಿಲ ಹತ್ತಿರ ಹೋದಾಗ ಅವರು ಕರೆದರು.

"ಡಾಕ್ಟರ್, ಈಗ ಯಾರೂ ಮಾತಾಡುವುದಿಲ್ಲ. ಬರೆದುಕೊಳ್ಳಿ, ರೋಗಿ ಸುಧಾರಿಸಿದ್ದಾನೆ."