ಎರಡು ಬಗೆ ಕೊಕ್ಕೆಯ ಬೋಗಿ

ಮೊನ್ನೆ ಹೊಲಿಗೆ ಮೆಷಿನಿಗೆ ಎಣ್ಣೆ ಬಿಡುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲಿಗೇ ನಿಂತಿತು. ಮೆಲ್ಕಾರಿನಲ್ಲಿ ಕೊಡೆ ರಿಪೇರಿ ಮಾಡುತ್ತಿದ್ದ ಸಾಯಿಬರ ಅಂಗಡಿಯ ವಾಸನೆ ಅದು. ಕೊಡೆಯ ಕಡ್ಡಿಗೂ ಅದೇ ಎಣ್ಣೆ, ಆಟದ ರೈಲಿನ ಗಾಲಿಗೂ ಅದೇ ಎಣ್ಣೆ...

ಎಂಬತ್ತರ ದಶಕದ ಆರಂಭ. ಮೂಡುಬಿದಿರೆಯಿಂದ ಕೆಲಸಕ್ಕೆ ಬಂದ ಹೊಸ ಟೀಚರು ನಾನು. ಅಂಗಡಿಯ ಹಿಂದೆಯೇ ಇದ್ದ ಅವರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಬಂಟ್ವಾಳಕ್ಕೆ ರೈಲು ಹಳಿ ಹಾಕುವುದನ್ನು ನೋಡುತ್ತಲೇ ದೊಡ್ಡವನಾಗಿದ್ದ ಅವರ ಒಬ್ಬನೇ ಮಗ ದುಬೈಗೆ ಹೋದವನು ಮೊದಲು ಕಳಿಸಿದ್ದು ಸೆಂಟಲ್ಲ, ಟೇಪ್ ರೆಕಾರ್ಡರಲ್ಲ, ಕೀ ಕೊಟ್ಟರೆ ಓಡುವ ಒಂದು ಆಟದ ರೈಲು! ಅದೂ ಹಳೆಯದು. ಊರವರು ನಕ್ಕರು. ಗಲ್ಫಿನಿಂದ ಯಾರಾದರೂ ಹಳತನ್ನು ಕಳಿಸುವುದುಂಟೇ? ಪೆಟ್ಟಿಗೆ ಒಡೆಯದ ಹೊಸ ಸಾಮಾನೇ ಬರಬೇಕು, ಇಲ್ಲದಿದ್ದರೆ ಮರ್ಯಾದೆ ಏನಾಗಬೇಕು?

ಮಗನಿಗೆ ಅದರ ಪರಿವೆಯೇ ಇರಲಿಲ್ಲ. ಅಲ್ಲಿಯ ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿ, ಊರಿಗೆ ಬರುವವರ ಕೈಯಲ್ಲಿ ಒಂದೊಂದೇ ಬೋಗಿ ಕಳಿಸುತ್ತಿದ್ದ. ಹಳತು ಹೊಸತನ್ನು ಗುರುತಿಸುವುದನ್ನು ರಜೆಗೆ ಬಂದಾಗ ತಂದೆಗೂ ಕಲಿಸಿದ್ದ. ಮೇಲಿನಿಂದ ನೋಡಿದರೆ ಎರಡೂ ಒಂದೇ, ಅದೇ ಕೆಂಪು, ಅದೇ ಕಿಟಕಿಗಳ ಸಾಲು. ಆದರೆ ಹಳತಕ್ಕೆ ತಗಡಿನ ತಳ, ಕಬ್ಬಿಣದ ಗಾಲಿ, ಅಗಲದ ತಗಡಿನ ಕೊಕ್ಕೆ. ಹೊಸತೆಲ್ಲ ಪ್ಲಾಸ್ಟಿಕ್ಕು, ಕೊಕ್ಕೆಯೂ ಕಿರಿದು, ಬೇರೆಯೇ ಬಗೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಎರಡನ್ನೂ ಒಟ್ಟಿಗೆ ಕಟ್ಟುವಂತಿರಲಿಲ್ಲ. ನನಗೆ ಈ ವ್ಯತ್ಯಾಸ ತಲೆಗೆ ಹತ್ತದಿದ್ದಾಗ ಸಾಯಿಬರು, "ತಿರುಗಿಸಿ ನೋಡಿ ಟೀಚರೇ. ಮಕ್ಕಳಿಗೆ ಮಾರ್ಕು ಹಾಕುದೂ ಹೀಗೆ ಮೇಲಿಂದ ಮೇಲೆಯಾ?" ಎಂದು ಕೀಟಲೆ ಮಾಡುತ್ತಿದ್ದರು.

ಸಂಜೆ ಅಂಗಡಿಯ ಬೆಂಚಿನ ಮೇಲೆ ರೈಲು ಓಡುತ್ತಿತ್ತು. ಅವರ ಹೆಂಡತಿ, ಮಕ್ಕಳ ಹಾಗೆ ನಾನೂ 'ಉಮ್ಮ' ಎನ್ನುತ್ತಿದ್ದವರು, ಬಾಗಿಲಲ್ಲಿ ಕುಳಿತು ಅದು ಸುತ್ತು ಮುಗಿಸುವವರೆಗೂ ನೋಡುತ್ತಿದ್ದರು. ಅದು ಅವರ ಮಗನೇ ಮನೆಗೆ ಬಂದು ಹೋದ ಹಾಗೆ.

ಒಂದು ದಿನ, ಮಗನ ಜೊತೆ ಕೆಲಸಕ್ಕಿದ್ದ ಕಕ್ಕಿಂಜೆಯ ಯುವಕನೊಬ್ಬ ಪೊಟ್ಟಣ ತಂದುಕೊಟ್ಟ. ಚಾ ಕೂಡ ಕುಡಿಯದೆ ಹೊರಟುಹೋದ. ಸಾಯಿಬರು ಬೋಗಿಯನ್ನು ತಿರುಗಿಸಿ ನೋಡಿದರು... ಹೊಸ ಬೋಗಿ. ಹಳತು ಸಿಕ್ಕಿರಲಿಕ್ಕಿಲ್ಲ ಎಂದೆ. "ಸಿಗದಿದ್ರೆ ಅವ ಕಳಿಸುದೇ ಇಲ್ಲ ಟೀಚರೇ. ಇದು ಅವ ತೆಗೆದದ್ದಲ್ಲ" ಎಂದರು.

ಮರುದಿನ ಕಕ್ಕಿಂಜೆಯ ಬಸ್ಸು ಹತ್ತಿದರು. ಸಂಜೆ ಬಂದವರು ಒಳಗೆ ಹೋಗದೆ ನನ್ನ ಕೋಣೆಯ ಜಗಲಿಯಲ್ಲೇ ಕುಳಿತರು.

"ಅವ ಇಲ್ಲ ಟೀಚರೇ. ಕಟ್ಟಡದಿಂದ ಬಿದ್ದದ್ದಂತೆ. ಅಲ್ಲಿಯೇ ಮಣ್ಣು ಮಾಡಿ ಆಗಿದೆ."

ಮನೆಯಲ್ಲಿ ಹೆರಿಗೆಗೆಂದು ಬಂದಿದ್ದ ಸಾಯಿಬರ ಮಗಳು ತುಂಬು ಗರ್ಭಿಣಿ. ಅದು ಗೊತ್ತಿದ್ದೇ ದುಬೈಯ ಗೆಳೆಯರು ಸುದ್ದಿ ಮುಚ್ಚಿಟ್ಟಿದ್ದರು. ಯಾರಿಗೂ ಸಂಶಯ ಬಾರದಿರಲಿ ಎಂದು ಎಲ್ಲರೂ ಸೇರಿ, ಅಂಗಡಿಯಲ್ಲಿದ್ದವುಗಳಲ್ಲೇ ಒಳ್ಳೆಯ ಹೊಸ ಬೋಗಿ ಕೊಂಡಿದ್ದರು. ಪಾಪ, ಊರಿಗೆ ಹಳತನ್ನು ಕಳಿಸುವುದು ಹೇಗೆ ಎಂದುಕೊಂಡಿರಬೇಕು.

"ಹೆರಿಗೆ ಆಗ್ಲಿ. ಅಷ್ಟರವರೆಗೆ ಅವಳಿಗೂ ಹೇಳ್ಬೇಡಿ, ಮಗಳಿಗೂ ಬೇಡ" ಎಂದರು. ನಾನು ಹೂಂ ಎಂದೆ.

ಆದರೆ ಮಗ ಕಳಿಸಿದ ಬೋಗಿಯನ್ನು ರೈಲಿಗೆ ಯಾಕೆ ಕಟ್ಟಿಲ್ಲ ಎಂದು ಉಮ್ಮ ಕೇಳದೆ ಬಿಡುತ್ತಾರೆಯೇ? ಸಾಯಿಬರು ಹಳೆಯ ಬೋಗಿಯೊಂದರ ಹಿಂದಿನ ಕೊಕ್ಕೆ ಕಿತ್ತು, ಕೊಡೆಯ ಕಡ್ಡಿಯನ್ನು ಬಗ್ಗಿಸಿ ಹೊಸ ಬಗೆಯ ಕೊಕ್ಕೆ ಕೂರಿಸಿದರು. ಮುಂದೆ ಹಳತು ಹಿಡಿಯಿತು, ಹಿಂದೆ ಹೊಸತು ಹಿಡಿಯಿತು. ರೈಲು ಓಡಿತು. "ಈ ಸಲದ್ದು ಎಷ್ಟು ಚಂದ ಉಂಟು!" ಎಂದು ಉಮ್ಮ ಹಿಗ್ಗಿದರು. ಸಾಯಿಬರು ತಲೆ ಬಗ್ಗಿಸಿ ಗಾಲಿಗೆ ಎಣ್ಣೆ ಬಿಡುತ್ತಲೇ ಇದ್ದರು. ದಿನಾ ಸಂಜೆ ಇದೇ. ನೋಡಲಾಗದೆ ನಾನು ಶಾಲೆಯಿಂದ ತಡವಾಗಿ ಬರತೊಡಗಿದೆ.

ಹೆರಿಗೆಯಾಯಿತು. ತಾಯಿ ಮಗು ಗಟ್ಟಿಯಾದ ಮೇಲೆ ಅವರೇ ಹೆಂಡತಿಗೆ ಹೇಳಿದರು. ಆ ಮನೆಯ ಅಳು ಈಗಲೂ ಕಿವಿಯಲ್ಲಿದೆ... ಅತ್ತು ಅತ್ತು ಸುಸ್ತಾದ ಉಮ್ಮ ರೈಲಿನ ಹತ್ತಿರ ಬಂದು, ನಡುವಿನ ಬೋಗಿ ಎತ್ತಿ ತಿರುಗಿಸಿದರು. ಕೊಡೆಯ ಕಡ್ಡಿ ಕಣ್ಣಿಗೆ ಬಿತ್ತು.

"ಇದು ಯಾವಾಗ ಮಾಡಿದ್ದು?"

"ಆ ಹೊಸತು ಬಂತಲ್ಲ, ಅದರ ಮರುದಿನ. ಕಕ್ಕಿಂಜೆಯಿಂದ ಬಂದ ಮೇಲೆ."

ಬೈಯುತ್ತಾರೆ ಎಂದುಕೊಂಡೆ. ಉಮ್ಮ ಗಂಡನ ಮುಖವನ್ನೇ ನೋಡಿ, ತಮ್ಮ ಬ್ಯಾರಿ ಭಾಷೆಯಲ್ಲಿ ಇಷ್ಟೇ ಕೇಳಿದರು: "ಇಷ್ಟು ದಿನ ಒಬ್ಬರೇ ಅತ್ತಿರಾ ನೀವು?" ಆಗ ಸಾಯಿಬರು ದನಿ ತೆಗೆದು ಅತ್ತರು.

ಈಗ ಇಬ್ಬರೂ ಇಲ್ಲ. ಅಂಗಡಿ ಇದ್ದ ಜಾಗದಲ್ಲಿ ರಸ್ತೆ ಅಗಲವಾಗಿದೆ. ರೈಲು ಮೊಮ್ಮಕ್ಕಳ ಕೈಯಲ್ಲಿ ಚೂರಾಯಿತಂತೆ. ಉಳಿದ ಒಂದು ಬೋಗಿಯನ್ನು ಅವರ ಮಗಳು ನನಗೆ ಕೊಟ್ಟಳು. ಮೊನ್ನೆ ಅದನ್ನು ಕಪಾಟಿನಿಂದ ತೆಗೆದು ಗಾಲಿಗೆ ಒಂದು ಹನಿ ಎಣ್ಣೆ ಬಿಟ್ಟೆ. ಸಲೀಸಾಗಿ ತಿರುಗಿತು. ಒಂದು ತುದಿಗೆ ತಗಡಿನ ಕೊಕ್ಕೆ, ಇನ್ನೊಂದಕ್ಕೆ ಕೊಡೆಯ ಕಡ್ಡಿ, ಎರಡೂ ಹಾಗೆಯೇ ಉಂಟು. ಸಿಕ್ಕಿಸಲು ಯಾವ ಬೋಗಿಯೂ ಇಲ್ಲ.