ಕಾರು ನನ್ನ ಹೆಸರಿಗೆ

ನನ್ನ ಕಾರು ಮಾರಾಟವಾಗಿದೆ ಎಂದು ನನಗೆ ತಿಳಿದದ್ದು ಅರೋರಾದ ದೇವಸ್ಥಾನದ ಕ್ಯಾಂಟೀನಿನಲ್ಲಿ, ಪುಳಿಯೋಗರೆ ತಿನ್ನುತ್ತಿರುವಾಗ. ಎದುರಿಗೆ ಕುಳಿತಿದ್ದ ಹುಡುಗ ಬೆಂಗಳೂರಿನಿಂದ ಈಚೆಗೆ ಈ ದೇಶಕ್ಕೆ ಬಂದವನು. ಕೈ ಒರೆಸಿಕೊಳ್ಳುತ್ತಾ, "ಥ್ಯಾಂಕ್ಸ್ ಆಂಟಿ. ಅಂಕಲ್ ಎಲ್ಲಾ ಹೇಳಿದ್ರು. ಶನಿವಾರ ಬಂದು ಕಾರ್ ತಗೊಂಡು ಹೋಗ್ತೀವಿ" ಎಂದ. ಪಕ್ಕದಲ್ಲಿ ಅವನ ಹೆಂಡತಿ ಸಂಕೋಚದಿಂದ ನಕ್ಕಳು. ನಾನು ಗಂಡನ ಮುಖ ನೋಡಿದೆ. ಅವರು ಇನ್ನೊಂದು ಲಡ್ಡು ತರುವ ನೆಪದಲ್ಲಿ ಎದ್ದು ಹೋದರು.

ಡೌನರ್ಸ್ ಗ್ರೋವ್‌ನ ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್‌ನಲ್ಲಿ ಕೆಲಸಕ್ಕೆ ಸೇರಿದಾಗ ಕೊಂಡ ಕಾರು ಅದು. ಬೂದು ಬಣ್ಣದ್ದು, ಸಣ್ಣದು. ಅದರಲ್ಲೇ ನಾನು ಹಿಮದ ಮೇಲೆ ಬ್ರೇಕ್ ಹಾಕುವುದನ್ನು ಕಲಿತದ್ದು. ಕ್ಯಾಂಟೀನಿನ ಈ ಮಾತು ನಡೆದ ವಸಂತದಲ್ಲಿ ನಾನು ಕೆಲಸ ಬಿಟ್ಟಿದ್ದೆ. ಗಂಡ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು.

ಮನೆಗೆ ವಾಪಸಾಗುವಾಗ ಅವರೇ ಮಾತು ತೆಗೆದರು. "ಇಬ್ರೂ ಮನೇಲೇ ಇರ್ತೀವಿ. ಎರಡು ಕಾರು ಯಾಕೆ ಹೇಳು?"

"ಹಾಗಾದ್ರೆ ನಿಮ್ಮದನ್ನ ಮಾರಿ."

ಮನೆಯನ್ನೇ ಮಾರಿ ಎಂದೆನೇನೋ ಎಂಬಂತೆ ನನ್ನ ಕಡೆ ತಿರುಗಿದರು. "ನಂದು ದೊಡ್ಡ ಗಾಡಿ ಕಣೇ. ಊರಿಂದ ಯಾರಾದ್ರೂ ಬಂದ್ರೆ ಬೇಕಾಗತ್ತೆ. ನಿನಗೆ ಎಲ್ಲಿಗೆ ಹೋಗ್ಬೇಕು ಹೇಳು, ನಾನು ಕರ್ಕೊಂಡು ಹೋಗ್ತೀನಿ."

"ನಾನು ಸೈನ್ ಮಾಡಲ್ಲ."

ಅವರು ನಕ್ಕರು. ಜಗಳ ಗೆದ್ದಾಗ ನಗುವ ನಗು, ನನಗೆ ಚೆನ್ನಾಗಿ ಗೊತ್ತು. "ನಿನ್ನ ಸೈನ್ ಬೇಕಾಗೇ ಇಲ್ಲ. ಟೈಟಲ್‌ನಲ್ಲಿ ಅಂದ್ರೆ ಗಾಡಿ ಒಡೆತನದ ಪತ್ರದಲ್ಲಿ, ಇಬ್ಬರ ಹೆಸರಿನ ಮಧ್ಯೆ 'ಅಥವಾ' ಅಂತಿದೆ, 'ಮತ್ತು' ಅಂತಿಲ್ಲ. ಯಾರು ಒಬ್ರು ಸೈನ್ ಮಾಡಿದ್ರೂ ಸಾಕು. ನಿನಗೆ ಓಡಾಟ ತಪ್ಪಲಿ ಅಂತ ನಾನೇ ಹಾಗೆ ಬರೆಸಿದ್ದೆ."

ನನಗೆ ಓಡಾಟ ತಪ್ಪಲಿ ಎಂದು!

ಮರುದಿನ ನಮ್ಮ ದೇಶದವರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಹೋದೆ, ನನ್ನದೇ ಕಾರಿನಲ್ಲಿ. ಅಲ್ಲಿ ನನ್ನ ಗೆಳತಿಯ ಹೊಲಿಗೆ ಅಂಗಡಿಯಿದೆ. ಹುಬ್ಬಳ್ಳಿಯವಳು. ತೀರಿಹೋದ ಗಂಡನ ಕಾಲದ ಸಾಮಾನು ವ್ಯಾನನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಈಗಲೂ ಓಡಿಸುತ್ತಾಳೆ. ಸೀರೆಗೆ ಫಾಲ್ ಹಾಕುತ್ತಲೇ ನನ್ನ ಕಥೆ ಕೇಳಿ, ದಾರ ಹಲ್ಲಿನಲ್ಲಿ ಕಚ್ಚಿ ಹರಿದು ಹೇಳಿದಳು: "ಅವ್ರು ಒಬ್ರ ಸಹಿ ಮಾಡಿ ಮಾರಾಕ ಬರ್ತೈತಿ ಅಂದ್ರ, ನೀವೂ ಒಬ್ರ ಸಹಿ ಮಾಡಿ ನಿಮ್ಮ ಹೆಸರಿಗೆ ಮಾಡ್ಕೊಳ್ಳಾಕ ಬರ್ತೈತಲ್ರಿ ಅಕ್ಕಾ. ಅದಕ್ಕ್ಯಾಕ ಅಳ್ತೀರಿ?"

"ಅಳ್ತಿಲ್ಲ. ಸಿಟ್ಟು ಬಂದಿದೆ."

"ಹಂಗಾರ ಛಲೋ ಆತು. ಸಿಟ್ಟು ಇದ್ದಾಗನ ಹೋಗಿ ಬರ್ರಿ. ಆರಿದ ಮ್ಯಾಲೆ ನೀವು ಹೋಗಂಗಿಲ್ಲ."

ಸಿಟ್ಟು ಆರುವ ಮೊದಲೇ ಹೋದೆ. ಡಿಎಂವಿ ಎಂದು ಎಲ್ಲರೂ ಕರೆಯುವ ವಾಹನ ಕಚೇರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮನೆಯ ಫೈಲಿನಿಂದ ತೆಗೆದ ಟೈಟಲ್ ಮಡಿಲಲ್ಲಿಟ್ಟುಕೊಂಡು ಸರದಿ ಕಾದೆ. ಕಳ್ಳತನ ಮಾಡುತ್ತಿದ್ದೇನೆಯೇ ಎಂದು ಒಂದು ಸಲ ಅನ್ನಿಸಿತು. ಇಲ್ಲ, ಕಳ್ಳತನವಾಗಿದ್ದು ಕ್ಯಾಂಟೀನಿನಲ್ಲಿ ಎಂದು ನನಗೆ ನಾನೇ ಹೇಳಿಕೊಂಡೆ. ಕೌಂಟರಿನ ಹೆಂಗಸು ಟೈಟಲ್ಲಿನ ಹಿಂಬದಿ ನೋಡಿ, ಕನ್ನಡಕ ಮೇಲಕ್ಕೆ ಸರಿಸಿ ಕೇಳಿದಳು, ಕೊಡುವವರೂ ನೀವೇ, ತೆಗೆದುಕೊಳ್ಳುವವರೂ ನೀವೇನಾ? ಹೌದು ಎಂದೆ. ಎರಡು ಕಡೆಯೂ ಸಹಿ ಹಾಕಿದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿ ಬಿತ್ತು.

ಆ ಸಂಜೆಯೇ ಅವರಿಗೆ ಹೇಳಿದೆ. ಮುಚ್ಚಿಡುವ ಮನಸ್ಸಿರಲಿಲ್ಲ. "ಕಾರು ಈಗ ನನ್ನೊಬ್ಬಳ ಹೆಸರಿಗಿದೆ. ಆ ಹುಡುಗನಿಗೆ ಫೋನ್ ಮಾಡಿ ಹೇಳಿಬಿಡಿ."

"ನೀನಾ? ಒಬ್ಬಳೇ ಡಿಎಂವಿಗೆ ಹೋಗಿದ್ಯಾ?" ಎಂದು ಟಿವಿಯಿಂದ ಕಣ್ಣು ಕೀಳದೆ ನಕ್ಕರು. ಫೋನ್ ಮಾಡಲಿಲ್ಲ. ಶನಿವಾರ ಬೆಳಿಗ್ಗೆ ಎದ್ದು ನೋಡಿದರೆ ಡ್ರೈವ್‌ವೇಯಲ್ಲಿ ನಿಂತು ನನ್ನ ಕಾರನ್ನು ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತೊಳೆದವರಲ್ಲ.

ಗಂಡ ಹೆಂಡತಿ ಇಬ್ಬರೂ ಬಂದರು. ಕಾಫಿ ಕೊಟ್ಟೆ. ನಮ್ಮವರು ಒಳಗೆ ಹೋಗಿ ಫೈಲು ತೆರೆದು, ಅಲ್ಲಿ ಟೈಟಲ್ ಇಲ್ಲದಿರುವುದನ್ನು ಕಂಡು ಬಾಗಿಲಲ್ಲಿ ನಿಂತರು. ಮುಖ ಕೆಂಪಾಗಿತ್ತು.

ನಾನೇ ಹೇಳಿದೆ: "ನೋಡಪ್ಪ, ಬೇಜಾರು ಮಾಡ್ಕೋಬೇಡ. ಕಾರು ನನ್ನದು, ನನ್ನೊಬ್ಬಳ ಹೆಸರಿಗಿದೆ. ನಾನು ಮಾರಲ್ಲ. ನನ್ನನ್ನ ಯಾರೂ ಕೇಳಿರಲಿಲ್ಲ."

ಹುಡುಗ ಅಂಕಲ್‌ನನ್ನೇ ನೋಡಿದ. ಅಂಕಲ್ ಗೋಡೆ ನೋಡಿದರು. ಹುಡುಗಿಯ ಕಣ್ಣು ತುಂಬಿಕೊಂಡಿತು. "ಪರವಾಗಿಲ್ಲ ಆಂಟಿ" ಎಂದಳು. ಆಗಲೇ ನನಗೆ ತಿಳಿದದ್ದು, ಕಾರು ಅವಳಿಗಾಗಿ ಎಂದು. ದಿನವಿಡೀ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇರುತ್ತಾಳೆ, ಲರ್ನರ್ ಪರ್ಮಿಟ್ ಬಂದಿದೆ, ಡ್ರೈವಿಂಗ್ ಕಲಿಯಬೇಕು ಎಂದು ಹುಡುಗ ಹೇಳಿದ. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. "ಕಾರು ಕೊಡಲ್ಲ. ಕಲಿಸಿ ಕೊಡ್ತೀನಿ. ಸೋಮವಾರ ರೆಡಿಯಾಗಿರು, ನಾನೇ ಬರ್ತೀನಿ" ಎಂದೆ.

ಅವಳು ಕಣ್ಣೊರೆಸಿಕೊಂಡು, ತುಂಬಾ ಮೆಲ್ಲಗೆ ಕೇಳಿದಳು: "ಆಂಟಿ, ಕಾರನ್ನ ಒಬ್ಬರ ಹೆಸರಿಗೇ ಮಾಡಿಸಬಹುದಾ?" ಅವಳ ಗಂಡ ಕಾಫಿ ನೆತ್ತಿಗೇರಿ ಕೆಮ್ಮಿದ.

ಬೇಸಿಗೆಯಿಡೀ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅವಳಿಗೆ ಕಲಿಸಿದೆ. ಹಿಂಬದಿಯ ಬಂಪರಿಗೆ ಒಂದು ಕಡೆ ತಗ್ಗು ಬಿತ್ತು. ರಿಪೇರಿ ಮಾಡಿಸಲಿಲ್ಲ. ಅವಳು ಮೊದಲ ಸಲಕ್ಕೇ ಟೆಸ್ಟ್ ಪಾಸಾದಳು.

ನನ್ನ ಗಂಡ ಮಾತ್ರ ಬಹಳ ದಿನ ಬಿಗಿದುಕೊಂಡೇ ಇದ್ದರು. ದೇವಸ್ಥಾನದಲ್ಲಿ ತಲೆ ಎತ್ತುವ ಹಾಗಿಲ್ಲ ಎಂದರು. ಇಷ್ಟು ವರ್ಷ ನಂಬಿದ್ದಕ್ಕೆ ಇದಾ ಫಲ ಎಂದರು. ನಾನು ಕ್ಷಮೆ ಕೇಳಲಿಲ್ಲ. "ನೀವು ಕೇಳಿದ್ದಿದ್ರೆ ಬಹುಶಃ ಕೊಡ್ತಿದ್ದೆ" ಎಂದೆ. ಅದು ನಿಜ. ಕೇಳಿದ್ದರೆ ಕೊಟ್ಟೇಬಿಡುತ್ತಿದ್ದೆ, ಆಮೇಲೆ ಕಿಟಕಿಯ ಬಳಿ ಕೂತು ಅವರಿಗೆ ಪುರುಸೊತ್ತಾಗುವುದನ್ನು ಕಾಯುತ್ತಿದ್ದೆ.

ಎಲೆ ಉದುರುವ ಕಾಲಕ್ಕೆ ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿರುವ ನನ್ನ ತಂಗಿ ಕಾಲು ಮುರಿದುಕೊಂಡಳು. ಹೈವೇ ಮೇಲೆ ಅಷ್ಟು ದೂರ ನಾನು ಎಂದೂ ಓಡಿಸಿರಲಿಲ್ಲ. ನಾಳೆ ಹೊರಡುತ್ತೇನೆ ಎಂದಷ್ಟೇ ಹೇಳಿದೆ, ಅನುಮತಿ ಕೇಳಲಿಲ್ಲ. ಬೆಳಿಗ್ಗೆ ಕಾರಿನ ಬಳಿ ಹೋದರೆ ಅವರು ಬ್ಯಾಗು ಹಿಡಿದು ನಿಂತಿದ್ದರು, ಪ್ಯಾಸೆಂಜರ್ ಬಾಗಿಲ ಪಕ್ಕದಲ್ಲಿ. ಕೀಲಿಗೆ ಕೈ ಚಾಚಲಿಲ್ಲ. ನಾನೂ ಕೊಡಲಿಲ್ಲ.

ಇಂಡಿಯಾನಾದಲ್ಲಿ, ಎರಡೂ ಕಡೆ ಲಾರಿಗಳು ಒತ್ತಿ ಬರುತ್ತಿದ್ದಾಗ, ಅವರು ಡ್ಯಾಷ್‌ಬೋರ್ಡ್ ಗಟ್ಟಿಯಾಗಿ ಹಿಡಿದುಕೊಂಡು ಅಂದರು: "ನಿಧಾನ. ಎಕ್ಸಿಟ್ ಮಿಸ್ ಮಾಡ್ತೀಯ."

"ಮಿಸ್ ಆದ್ರೆ ಮುಂದಿನದ್ರಲ್ಲಿ ಇಳೀತೀನಿ" ಎಂದು ಲೇನ್ ಬದಲಿಸಿದೆ.