ಉಡಿ ಝಾಡಿಸಿದ ತಪ್ಪು

ವೈನ್ ಮಾಡಬೇಕಾದ ಕೋಣೆಗೆ ಕಾಲಿಟ್ಟವಳೇ ಏಳು ಸಲ ಸೀನಿದೆ. ಕಣ್ಣು, ಮೂಗು, ಗಂಟಲು ಎಲ್ಲ ಉರಿ. ನಂಜನಗೂಡಿನಿಂದ ಗುತ್ತಲಕ್ಕೆ ಬಂದಿಳಿದ ನನಗೆ ಈ ಮನೆ ಕೊಟ್ಟ ಮೊದಲ ಸ್ವಾಗತ ಅದು. ಬ್ಯಾಡಗಿ ಪೇಟೆಗೆ ಹೋಗುವ ಮೆಣಸಿನಕಾಯಿ ಎರಡು ತಲೆಮಾರು ಅಲ್ಲೇ ಇರುತ್ತಿತ್ತಂತೆ. ಸುಣ್ಣ ಹೊಡೆದರೂ ಘಾಟು ಹೋಗಿರಲಿಲ್ಲ. ಇಂಥ ಕಡೆ ವೈನೇ? ಬಂದ ಬಸ್ಸಿಗೇ ವಾಪಸ್ ಹೋಗಿಬಿಡೋಣ ಅನ್ನಿಸಿತು.

ಹೋಗಲಿಲ್ಲ. ಇದು ಎರಡು ಸಾವಿರದ ಎಂಟರ ಆಸುಪಾಸಿನ ಮಾತು. ವೈನ್ ಮಾಡುವುದನ್ನು ಓದಿಕೊಂಡವಳಿಗೆ ಸಿಕ್ಕ ಮೊದಲ ಕೆಲಸ, ಬಿಡಲು ಮನಸ್ಸಾಗಲಿಲ್ಲ. ಯಜಮಾನ ಶಿವಾನಂದಪ್ಪನವರ ಅಜ್ಜ, ಅಪ್ಪ ಆ ಹೊಲದಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆದವರು. ಇವರು ಮೊದಲು ತಿನ್ನುವ ದ್ರಾಕ್ಷಿ ಹಾಕಿ, ಆಮೇಲೆ ವೈನಿನ ಬಳ್ಳಿ ನೆಟ್ಟರು. ನೆಟ್ಟ ದಿನದಿಂದ ಅವರ ತಾಯಿ ನೀಲವ್ವ ಅತ್ತ ತಲೆ ಹಾಕಿಲ್ಲ. "ಸೆರೀ ಮಾಡೂ ಹೊಲ ನಮ್ಮದಲ್ಲ" ಅಂದುಬಿಟ್ಟಿದ್ದರು; ಅವರ ಪಾಲಿಗೆ ವೈನೂ ಸೆರೆಯೇ, ಅಂದರೆ ಹೆಂಡವೇ. ಆದರೂ ನನಗೆ ದಿನಾ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದರು. ಅನ್ನ ಕೇಳಿದರೆ, "ರೊಟ್ಟಿ ತಿನ್ನವಾ, ಗಾಳಿಗೆ ಹಾರಿ ಹೋದೀಯ" ಎಂದು ಗದರುತ್ತಿದ್ದರು.

ನಮ್ಮ ಮನೆಯಲ್ಲಿ ಕೊಯ್ಲಿಗೆ ಬಂದವರಿಗೆ ಕೂಲಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಕೊಯ್ಯುವ ಹೆಂಗಸು ಸಂಜೆ ಹೊರಡುವಾಗ ಆ ದಿನದ ಬೆಳೆಯನ್ನು ಸೆರಗಿನ ಮಡಿಲಲ್ಲಿ ಒಂದಿಷ್ಟು ಒಯ್ಯುತ್ತಾಳೆ. ಮಡಿಲಿಗೆ ಇವರು ಉಡಿ ಅನ್ನುತ್ತಾರೆ. ಅದನ್ನು ಯಾರೂ ಕೇಳಿ ಒಯ್ಯುವುದಿಲ್ಲ, ಯಾರೂ ತಡೆಯುವುದೂ ಇಲ್ಲ.

ನಾನು ತಡೆದೆ. ಮೊದಲ ಕೊಯ್ಲಿನ ಸಂಜೆ ಗೇಟಿನಲ್ಲಿ ನಿಂತು, ಇದು ವೈನಿನ ಹಣ್ಣು, ಒಂದೂ ಹೊರಗೆ ಹೋಗಕೂಡದು ಎಂದು ಅಷ್ಟೂ ಹೆಂಗಸರ ಉಡಿ ಝಾಡಿಸಿದೆ. ಯಾರೂ ಜಗಳಕ್ಕೆ ಬರಲಿಲ್ಲ. ಗುಂಪಿನ ಹಿರಿಯಳು ಫಕ್ಕೀರವ್ವ, "ಆತು ಬಿಡವಾ" ಎಂದು ಹಣ್ಣನ್ನು ಬುಟ್ಟಿಗೆ ಸುರಿದು ನಡೆದಳು.

ಮರುದಿನ ಒಬ್ಬರೂ ಬರಲಿಲ್ಲ. ಮಾರ್ಚಿನ ಬಿಸಿಲು, ಇನ್ನೆರಡು ದಿನ ಬಿಟ್ಟರೆ ಹಣ್ಣು ಬಳ್ಳಿಯಲ್ಲೇ ಬಾಡಿ ಆ ವರ್ಷದ ವೈನೇ ಇಲ್ಲ. ಶಿವಾನಂದಪ್ಪ ತಲೆ ಮೇಲೆ ಕೈಹೊತ್ತು ಕೂತರು.

"ನಾ ಕರದ್ರ ಬರೂದಿಲ್ರಿ ಮೇಡಂ. ಅವ್ವ ಕರದ್ರ ಬರ್ತಾರ. ಅವ್ವಗ ಹೇಳಾಕ ನನಗ ಮುಖ ಇಲ್ಲ."

ನಾನೇ ಅಡುಗೆಮನೆಗೆ ಹೋದೆ. "ಅಜ್ಜಿ, ತಪ್ಪಾಯ್ತು."

ನೀಲವ್ವ ಹಂಚಿನಿಂದ ಕಣ್ಣೆತ್ತಲಿಲ್ಲ. "ಹೆಣ್ಮಕ್ಕಳನ್ನ ಖಾಲಿ ಉಡೀಲೆ ಕಳಿಸಿದೆಲ್ಲವಾ! ನಿಮ್ಮೂರಾಗ ಹಿಂಗ ಮಾಡ್ತಾರೇನು?"

ನಮ್ಮೂರಲ್ಲೂ ತವರಿಗೆ ಬಂದ ಮಗಳನ್ನು ಮಡಿಲಕ್ಕಿ ಇಲ್ಲದೆ ಹೊಸಿಲು ದಾಟಿಸುವುದಿಲ್ಲ. ಅದು ಗೊತ್ತಿದ್ದೂ ನನ್ನ ಕಣ್ಣಿಗೆ ಬರೀ ಹಣ್ಣಿನ ತೂಕ ಕಂಡಿತ್ತು. ನಾಚಿಕೆಯಿಂದ ಅಲ್ಲೇ ಅತ್ತುಬಿಟ್ಟೆ.

ಅಜ್ಜಿ ಒಲೆ ಆರಿಸಿ ಚಪ್ಪಲಿ ಮೆಟ್ಟಿದರು. ಫಕ್ಕೀರವ್ವನ ಬಾಗಿಲಲ್ಲಿ ನಿಂತು, "ಏಳ, ಎಲ್ಲಾರನ್ನೂ ಕರಿ. ಹೊಲಕ್ಕ ನಾನೂ ಬರ್ತೇನಿ" ಅಂದರು.

"ನೀವು? ಆ ಹೊಲಕ್ಕ?"

"ಏನ್ ಮಾಡ್ಲಿ, ಕೂಸು ಅಳಾಕತ್ತೈತಿ."

ಆ ಸಂಜೆ ಅಜ್ಜಿ ಬಳ್ಳಿಯ ಸಾಲಿನಲ್ಲಿ ನಿಂತು ತಮ್ಮ ಕೈಯಾರೆ ಎಲ್ಲರ ಉಡಿ ತುಂಬಿದರು. ಕೊನೆಗೆ ನನ್ನ ಕಡೆ ತಿರುಗಿದರು. ನಾನು ದುಪಟ್ಟಾ ಒಡ್ಡಿದೆ. ವೈನಿನ ಕೋಣೆಗೂ ಒಮ್ಮೆ ಬನ್ನಿ ಎಂದೆ.

"ಅಲ್ಲಿಗೆ ನಾ ಬರೂದಿಲ್ಲ," ಅಂದರು. "ನೀ ಊಟಕ್ಕ ಲಗೂ ಬಾ."

ಯುಗಾದಿಗೆ ನಂಜನಗೂಡಿಗೆ ಹೋಗಿಬರಲು ಎರಡು ದಿನ ರಜೆ ಸಿಕ್ಕಿತು. ಅಜ್ಜಿ ಬಳ್ಳಿಯಲ್ಲಿ ಉಳಿದ ಗೊಂಚಲು ಹುಡುಕಿ ಒಂದು ಬುಟ್ಟಿ ತುಂಬಿ ಕೊಟ್ಟರು. ಮಗಳು ಜ್ಯೂಸ್ ಫ್ಯಾಕ್ಟರಿಯಲ್ಲಿದ್ದಾಳೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿರುವ ಅಮ್ಮ ಬುಟ್ಟಿ ನೋಡಿ, "ಇಷ್ಟೊಂದು ಯಾರು ಕೊಟ್ಟರೇ?" ಎಂದಳು.

"ಮನೇಲಿ ಕೊಟ್ಟು ಕಳಿಸಿದ್ರಮ್ಮ," ಅಂದೆ, ಯೋಚಿಸದೆ.

ಅಮ್ಮ ಬುಟ್ಟಿ ಕೆಳಗಿಟ್ಟಳು. "ಹಂಗಾದ್ರೆ ಇದು ಯಾರ ಮನೆಯೇ?" ಅಂದಳು.